ಎಳೆಯೋಕೆ ಸಾವಿರ ಕೈ, ತಡೆಯೋಕೆ ನಾಲ್ಕೇ ಕೈ: ಕೊಟ್ಟೂರು ತೇರು ಮತ್ತು ಭಾರ ಸಾಗಿಸುವ ಸಾಮಾನಿನ ಕತೆ

ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಕಚೇರಿಗೆ ಇಡುವ ಉದ್ದನೆಯ ಕರಿ ಪಿಯಾನೊ ನೋಡಿರ್ತೀರಿ. ಅದಕ್ಕೆ ಕನ್ಸರ್ಟ್ ಗ್ರ್ಯಾಂಡ್ ಅಂತ ಹೆಸರು. ಸ್ಟೈನ್‌ವೇ ಕಂಪನಿಯ ಡಿ ಮಾಡೆಲ್ ಅಂದರೆ 274 ಸೆಂಟಿಮೀಟರ್ ಉದ್ದ, 480 ಕೆಜಿ ತೂಕ. ಒಳಗೆ ಎರಕದ ಕಬ್ಬಿಣದ ಚೌಕಟ್ಟು, ಅದರ ಮೇಲೆ ಬಿಗಿದ ತಂತಿಗಳ ಒಟ್ಟು ಎಳೆತವೇ ಸುಮಾರು 20 ಟನ್! ಕೆನಡಾದ ಪಿಯಾನೊ ವಾದಕಿ ಏಂಜೆಲಾ ಹ್ಯೂಯಿಟ್ ಅವರ ಹತ್ತಿರ ಇಂಥದ್ದೇ ಒಂದು ಫಾಟ್ಸಿಯೋಲಿ ಪಿಯಾನೊ ಇತ್ತು. 17 ವರ್ಷ ಜೊತೆಗಿದ್ದ ವಾದ್ಯ. 2020ರ ಶುರುವಿನಲ್ಲಿ ಬರ್ಲಿನ್‌ನಲ್ಲಿ ಧ್ವನಿಮುದ್ರಣ ಮುಗಿದ ಮೇಲೆ ಅದನ್ನು ಸಾಗಿಸಲು ಬಂದವರು ಕೈಜಾರಿ ಬೀಳಿಸಿಬಿಟ್ಟರು. ಕಬ್ಬಿಣದ ಚೌಕಟ್ಟೇ ಮುರಿಯಿತು. ರಿಪೇರಿ ಆಗಲ್ಲ ಅಂತ ತಯಾರಕರೇ ಕೈಚೆಲ್ಲಿದರು.

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು, ಅದು ಬಿದ್ದದ್ದು ದಾರಿಯಲ್ಲಲ್ಲ, ಲಾರಿಯಲ್ಲೂ ಅಲ್ಲ. ನೆಲದಿಂದ ಎತ್ತಿ ಟ್ರಾಲಿ ಮೇಲೆ ಇಡುವಾಗ. ಅಂದರೆ ಆ ನಾಲ್ಕಾರು ಇಂಚಿನ ಎತ್ತರದಲ್ಲಿ.

ಪಿಯಾನೊಗೂ ನಮ್ಮ ಸೀಮೆಗೂ ಏನು ಸಂಬಂಧ ಅಂತ ಕೇಳಬೇಡಿ :) ಮೈಸೂರಿನಲ್ಲಾದರೆ ಜಯಚಾಮರಾಜ ಒಡೆಯರು ಪಿಯಾನೊ ಕಲಿತು, ಮೆಟ್ನರ್ ಎಂಬ ರಷ್ಯಾದ ಸಂಗೀತಗಾರನ ಕೃತಿಗಳ ಧ್ವನಿಮುದ್ರಣಕ್ಕೆ ದುಡ್ಡು ಕೊಟ್ಟಿದ್ದರು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆ ನಾವು ಕಂಡದ್ದು ನಾಟಕದ ಕಂಪನಿಗಳ ಹಾರ್ಮೋನಿಯಂ ಅಷ್ಟೇ. ಅದನ್ನು ಚಕ್ಕಡಿಯಲ್ಲಿ ಹುಲ್ಲಿನ ಮೇಲಿಟ್ಟರೆ ಆಯಿತು. ಆದರೆ ಎತ್ತರದ, ಭಾರದ, ಬೆಲೆ ಕಟ್ಟಲಾಗದ ವಸ್ತುವೊಂದನ್ನು ಮಂದಿ ನಡುವೆ ಕದಲಿಸಿ ಮತ್ತೆ ಜಾಗಕ್ಕೆ ತಂದು ನಿಲ್ಲಿಸುವ ವಿದ್ಯೆ ಇದೆಯಲ್ಲ, ಅದು ನಮ್ಮ ಕಡೆ ವರ್ಷವರ್ಷವೂ ನಡೆಯುತ್ತೆ. ತೇರು ಅಂತೀವಿ ಅದಕ್ಕೆ. ಆ ಪಿಯಾನೊ ಸುದ್ದಿ ಓದಿದಾಗ ತಲೆಗೆ ಬಂದದ್ದೂ ಕೊಟ್ಟೂರೇ.

2017ರ ಫೆಬ್ರವರಿ 21. ಕೊಟ್ಟೂರಿನ ಗುರು ಬಸವೇಶ್ವರನ ತೇರು. (ನಮ್ಮ ಕಡೆ ಕೊಟ್ಟೂರೇಶ ಅಂತಲೇ ಹೆಸರು. ಕೊಟ್ರೇಶ, ಕೊಟ್ರಬಸಪ್ಪ, ಕೊಟ್ರಮ್ಮ ಅಂತ ಹೆಸರಿರುವವರು ಓಣಿಗೆ ಹತ್ತು ಜನ ಸಿಗ್ತಾರೆ.) ಮಾಘ ಬಹುಳದಲ್ಲಿ, ಮೂಲಾ ನಕ್ಷತ್ರ ಕೂಡಿದ ಗಳಿಗೆಗೆ ತೇರು ಕದಲಬೇಕು. ಅದಕ್ಕೆ ಮುಂಚೆ ದಲಿತ ಹೆಣ್ಣುಮಕ್ಕಳು ಆರತಿ ಬೆಳಗಬೇಕು, ಆಮೇಲೇ ಹಗ್ಗಕ್ಕೆ ಕೈ. ಹರಪನಹಳ್ಳಿ, ದಾವಣಗೆರೆ ಕಡೆಯಿಂದ ರಾತ್ರಿಯಿಡೀ ನಡಕೊಂಡು ಬಂದ ಪಾದಯಾತ್ರಿಗಳು, ಎಸೆಯೋಕೆ ಕೈಯಲ್ಲಿ ಉತ್ತತ್ತಿ ಬಾಳೆಹಣ್ಣು, ಲಕ್ಷಗಟ್ಟಲೆ ಮಂದಿ. ಸುಮಾರು 60 ಅಡಿ ಎತ್ತರದ ಆ ತೇರು ಸಾಗುತ್ತಾ ಸಾಗುತ್ತಾ ಒಂದು ಮಗ್ಗುಲಿಗೆ ವಾಲಿ, ಮಂದಿ ಕಣ್ಣೆದುರೇ ನೆಲಕ್ಕೆ ಒರಗಿತು. ಗಾಯಗೊಂಡವರಿದ್ದರು. ಆ ಜಾತ್ರೆಯಲ್ಲಿ ಅಷ್ಟು ದೊಡ್ಡ ತೇರು ಬಿದ್ದೂ ಅನಾಹುತ ಅಷ್ಟಕ್ಕೇ ನಿಂತಿದ್ದನ್ನು ಕೊಟ್ಟೂರೇಶನ ದಯೆ ಅಂದವರೇ ಹೆಚ್ಚು. ಮಾರನೆಯ ದಿನದ ಪತ್ರಿಕೆಗಳೆಲ್ಲ ಗಾಲಿ ಮತ್ತು ಅಚ್ಚಿನ ಕಡೆ ಬೊಟ್ಟು ಮಾಡಿದವು. ಮುಂದೆ ಹೊಸ ತೇರನ್ನೇ ಮಾಡಿಸಿದರು.

(ಆಗ ಕೊಟ್ಟೂರು ಬಳ್ಳಾರಿ ಜಿಲ್ಲೆ. ಈಗ ವಿಜಯನಗರ ಜಿಲ್ಲೆ. ನಮ್ಮ ಹರಪನಹಳ್ಳಿಯಂತೂ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಬಳ್ಳಾರಿ ಜೊತೆ ಮೈಸೂರಿಗೆ ಬಂತು, 1997ರಲ್ಲಿ ದಾವಣಗೆರೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, ಈಗ ಅದೂ ವಿಜಯನಗರ. ಹಗ್ಗ ಗಾಲಿ ಏನೂ ಇಲ್ಲದೆ ಇಷ್ಟೆಲ್ಲ ಓಡಾಡಿದ ಊರು ಇನ್ನೊಂದಿದ್ದರೆ ಹೇಳಿ!)

ಸರಿ, ವಿಷಯಕ್ಕೆ ಬರೋಣ. ಪಿಯಾನೊ ಸಾಗಿಸುವವರು ಏನು ಮಾಡ್ತಾರೆ ಗೊತ್ತಾ? ಅದರ ಮೂರು ಕಾಲಿಗೂ ಪುಟ್ಟ ಗಾಲಿಗಳಿರುತ್ತವೆ. ತಿಳಿದವರು ಆ ಗಾಲಿಯನ್ನು ನಂಬುವುದಿಲ್ಲ. ಅವು ವೇದಿಕೆ ಮೇಲೆ ಅತ್ತಿತ್ತ ಸರಿಸಲಿಕ್ಕೆ ಮಾತ್ರ. ದೂರ ಹೋಗಬೇಕಾದರೆ ಮೊದಲು ಪೆಡಲಿನ ಭಾಗ ಕಳಚಿ, ಎಡಗಡೆಯ ಕಾಲು ಬಿಚ್ಚಿ, ನೇರವಾಗಿರುವ ಉದ್ದನೆಯ ಮಗ್ಗುಲನ್ನು ಮೆತ್ತೆ ಹಾಸಿದ ಹಲಗೆಯ ಮೇಲೆ ಮೆಲ್ಲಗೆ ಇಳಿಸಿ, ಕಂಬಳಿ ಸುತ್ತಿ, ಪಟ್ಟಿಯಿಂದ ಬಿಗಿದು, ಉಳಿದೆರಡು ಕಾಲೂ ತೆಗೆದು, ಆಮೇಲೆ ಆ ಹಲಗೆಯನ್ನು ನಾಲ್ಕು ಗಾಲಿಯ ಗಟ್ಟಿ ಟ್ರಾಲಿ ಮೇಲೆ ಏರಿಸುತ್ತಾರೆ. ಹಲಗೆಯ ಕೆಲಸ ಬೇರೆ, ಪಟ್ಟಿಯ ಕೆಲಸ ಬೇರೆ, ಟ್ರಾಲಿಯ ಕೆಲಸ ಬೇರೆ. ಇಳಿಜಾರಿನಲ್ಲಿ ಹಿಂದೆ ಹಿಡಿಯುವವನು ಮತ್ತೂ ಬೇರೆ. ಸಾಮಾನು ಆರಿಸುವುದು ಅಂದರೆ ಇಷ್ಟೇ: ಎತ್ತೋದಕ್ಕೆ ಏನು, ಹೊರೋದಕ್ಕೆ ಏನು, ತಡೆಯೋದಕ್ಕೆ ಏನು ಅಂತ ಮೂರನ್ನೂ ಬೇರೆಬೇರೆಯಾಗಿ ಕೇಳಿಕೊಳ್ಳುವುದು.

ನಮ್ಮ ಹಿರೀಕರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು.

ಅತಿ ಸುರಕ್ಷಿತ ಉಪಾಯ ಅಂದರೆ ಕದಲಿಸದೇ ಇರುವುದು. ಹಂಪಿಯ ಉಗ್ರನರಸಿಂಹನನ್ನು 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ್ದು. ಇಪ್ಪತ್ತು ಅಡಿಗೂ ಮೀರಿದ ಆ ಮೂರ್ತಿಯನ್ನು ಬಂಡೆ ಇದ್ದಲ್ಲೇ ಕಡೆದರು. ಶ್ರವಣಬೆಳಗೊಳದ 58 ಅಡಿ ಗೊಮ್ಮಟನೂ ಹಾಗೆಯೇ, ಬೆಟ್ಟದ ತುದಿಯ ಬಂಡೆಯೇ ಮೂರ್ತಿಯಾಯಿತು.

ಎರಡನೆಯ ಉಪಾಯ, ತುಂಡು ಮಾಡುವುದು. ವಿಠಲ ಗುಡಿ ಮುಂದಿನ ಕಲ್ಲಿನ ತೇರು, ಅದೇ ಈಗಿನ 50 ರೂಪಾಯಿ ನೋಟಿನ ಮೇಲಿರೋದು, ಒಂದೇ ಕಲ್ಲಿನದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಹಲವು ಕಲ್ಲುಗಳನ್ನು ಸಂದು ಕಾಣದ ಹಾಗೆ ಜೋಡಿಸಿದ್ದು. ಮೇಲೆ ಇಟ್ಟಿಗೆಯ ಗೋಪುರವೂ ಇತ್ತು. 1856ರಲ್ಲಿ ಗ್ರೀನ್‌ಲಾ ಅನ್ನುವ ಇಂಗ್ಲಿಷ್ ಸೈನ್ಯಾಧಿಕಾರಿ ತೆಗೆದ ಫೋಟೋದಲ್ಲಿ ಅದು ಕಾಣುತ್ತೆ, ಈಗ ಇಲ್ಲ. ಪಿಯಾನೊ ಕಾಲು ಬಿಚ್ಚುವವರದ್ದೂ ಇದೇ ಲೆಕ್ಕ. ಒಟ್ಟಿಗೆ ಹೊರಲಾಗದ್ದನ್ನು ಬಿಡಿಯಾಗಿ ಹೊತ್ತರೆ ನಾಚಿಕೆ ಏನಿಲ್ಲ.

ನಮ್ಮ ಹರಪನಹಳ್ಳಿ ಪಕ್ಕದ ಬಾಗಳಿಗೆ ಹೋದವರು ಕಲ್ಲೇಶ್ವರ ಗುಡಿಯ ಕಂಬಗಳನ್ನು ಮುಟ್ಟಿ ನೋಡಿರ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಕೆಲಸ, ಕ್ರಿ.ಶ. 987ರ ಶಾಸನದ ಗುಡಿ. ಕಂಬಗಳು ಬಳಪದ ಕಲ್ಲಿನವು, ಕಡೆತದ್ದು, ಅಂದರೆ ಬುಗುರಿ ಥರ ತಿರುಗಿಸಿ ಉಜ್ಜಿ ದುಂಡಗೆ ಮಾಡಿದ್ದು. ಮಂದಿ ಎಲ್ಲ ಆ ನುಣುಪು ನೋಡಿ ಹೊಗಳ್ತಾರೆ. ನನಗೆ ಮಾತ್ರ ಟನ್‌ಗಟ್ಟಲೆ ತೂಗುವ ಕಲ್ಲನ್ನು ತಿರುಗಣಿಗೆ ಏರಿಸಿ, ತಿರುಗಿಸಿ, ಕೊಂಚವೂ ಮುಕ್ಕಾಗದಂತೆ ಇಳಿಸಿ, ಒಯ್ದು ನಿಲ್ಲಿಸಿದವರ ಮೇಲೇ ಕುತೂಹಲ. ಉಳಿ ಹಿಡಿದವನನ್ನು ನೆನೆಯುತ್ತೇವೆ, ಹಗ್ಗ ಹಿಡಿದವನನ್ನು ಯಾರು ನೆನೆಯುತ್ತಾರೆ?

ಇಡಿಯಾಗಿಯೇ ಸಾಗಿಸಲೇಬೇಕು ಅಂತಾದಾಗಿನ ಎರಡು ಕತೆಗಳು ಕಾರ್ಕಳದಲ್ಲಿವೆ. ಎರಡರ ನಡುವೆ ಐನೂರ ನಲವತ್ತು ವರ್ಷದ ಅಂತರ.

ಮೊದಲನೆಯದು 1432ರದು. ವೀರಪಾಂಡ್ಯ ಭೈರರಸ ಪ್ರತಿಷ್ಠೆ ಮಾಡಿಸಿದ ಗೊಮ್ಮಟ, ಸುಮಾರು 42 ಅಡಿ, 80 ಟನ್ ಇರಬಹುದು ಅಂತ ಅಂದಾಜು. ಬೇರೆ ಕಡೆ ಕಡೆದು ಬೆಟ್ಟದ ಮೇಲಕ್ಕೆ ಎಳೆದು ತಂದದ್ದು ಅಂತ ಪರಂಪರೆಯ ಕತೆ. 20 ಬಂಡಿಗಳ ಸಾಲು, ಅದಕ್ಕೆ ಗಟ್ಟಿ ಗಾಲಿ, ಒಂದೊಂದು ಬಂಡಿಗೂ ಹತ್ತು ಸಾವಿರ ತೆಂಗಿನಕಾಯಿ ಒಡೆದರಂತೆ, ಮೇಲೆ ಲೆಕ್ಕವಿಲ್ಲದಷ್ಟು ಹತ್ತಿ ಹಾಸಿದರಂತೆ, ಇಳಿಜಾರು ಕಟ್ಟಿ ಭಕ್ತರು ಎಳೆದರಂತೆ, ಒಂದು ವರ್ಷ ಹಿಡಿಯಿತಂತೆ. ತೆಂಗಿನಕಾಯಿಯ ಸಂಖ್ಯೆ ಬಿಡಿ, ಕತೆಗೆ ಅಷ್ಟು ಉಪ್ಪುಖಾರ ಬೇಕು. ಆದರೆ ಆ ಹತ್ತಿ ನೋಡಿ! ಪಿಯಾನೊಗೆ ಸುತ್ತುವ ಕಂಬಳಿಯೇ ಅದು. ಜೊತೆಗೆ ಆ ಒಂದು ವರ್ಷ. ಅವಸರ ಮಾಡದೇ ಇರುವುದೂ ಒಂದು ಸಲಕರಣೆ.

ಎರಡನೆಯದು ನಮ್ಮಲ್ಲಿ ಹಿರಿಯರು ಕಣ್ಣಾರೆ ಕಂಡದ್ದು. ರತ್ನವರ್ಮ ಹೆಗ್ಗಡೆಯವರು ಸಂಕಲ್ಪಿಸಿ, ವೀರೇಂದ್ರ ಹೆಗ್ಗಡೆಯವರು ಪೂರ್ತಿ ಮಾಡಿಸಿದ ಧರ್ಮಸ್ಥಳದ ಬಾಹುಬಲಿ. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಾರ್ಕಳದಲ್ಲಿ ಕಡೆದ 39 ಅಡಿ ಎತ್ತರದ ಮೂರ್ತಿ, ತೂಕ ಸುಮಾರು 170 ಟನ್. 1973ರಲ್ಲಿ ಅದನ್ನು 64 ಗಾಲಿಗಳ ಟ್ರಾಲಿಯ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ತಂದರು. ಪ್ರತಿಷ್ಠೆ ಆದದ್ದು 1982ರಲ್ಲಿ.

64 ಗಾಲಿ ಯಾಕೆ? ಭಾಗಿಸಿ ನೋಡಿ. 170 ಟನ್ನನ್ನು 64ಕ್ಕೆ ಹಂಚಿದರೆ, ಟ್ರಾಲಿಯ ಸ್ವಂತ ತೂಕ ಬಿಟ್ಟು, ಒಂದೊಂದು ಗಾಲಿಗೆ ಬರೋದು ಮೂರು ಟನ್ನಿಗಿಂತ ಕಡಿಮೆ. ಅಷ್ಟನ್ನು ರಸ್ತೆ ತಡೆಯುತ್ತೆ. ಅಕಸ್ಮಾತ್ ಒಂದು ಗಾಲಿ ಕೈಕೊಟ್ಟರೆ ಉಳಿದ 63 ಹೊರುತ್ತವೆ. ಇನ್ನೊಂದು ಮಾತು, ಮೂರ್ತಿಯನ್ನು ನಿಲ್ಲಿಸಿ ತರಲಿಲ್ಲ, ಮಲಗಿಸಿ ತಂದರು. 39 ಅಡಿ ಎತ್ತರದ್ದು ಹೊರಡುವ ಮುಂಚೆ ತಗ್ಗಾಯಿತು.

ಈಗ ತೇರಿಗೆ ಬನ್ನಿ. ತೇರನ್ನು ಮಲಗಿಸುವ ಹಾಗಿಲ್ಲ. ತುಂಡು ಮಾಡುವ ಹಾಗಿಲ್ಲ. 64 ಗಾಲಿ ಹಾಕುವ ಹಾಗಿಲ್ಲ, ಸಾಮಾನ್ಯವಾಗಿ ನಾಲ್ಕೋ ಆರೋ. ನಿಧಾನಕ್ಕೆ ಒಂದು ವರ್ಷ ತಗೊಳ್ಳೋಣ ಅಂದರೆ ನಕ್ಷತ್ರ ಬಿಡಲ್ಲ. ಅಂದರೆ ಭಾರ ಸಾಗಿಸುವವನು ಯಾವುದನ್ನೆಲ್ಲ ಮಾಡಬಾರದೋ ಅದನ್ನೆಲ್ಲ ಮಾಡಿಯೂ ಬೀಳದಂತೆ ತರಬೇಕು. ನೂರಾರು ವರ್ಷ ತಂದೂ ಇದ್ದಾರೆ, ಅದು ಸಣ್ಣ ಮಾತಲ್ಲ.

ಹೇಗೆ ತಂದರು? ತೇರಿನ ಗಡ್ಡೆ ನೋಡಿ. ಅಡಿಯಲ್ಲಿ ದಪ್ಪ ತೊಲೆಗಳು, ದೊಡ್ಡ ಗಾಲಿ, ಕೆತ್ತನೆಯ ಮರ, ಭಾರವೆಲ್ಲ ಕೆಳಗೆ. ಅದರ ಮೇಲಿನ ಅಟ್ಟಗಳು ಹಗುರ, ಗಳ ಮತ್ತು ಬಟ್ಟೆ. ತುದಿಗೆ ಕಳಸ. ಕಣ್ಣಿಗೆ 60 ಅಡಿ ಕಂಡರೂ ಗುರುತ್ವ ಕೇಂದ್ರ ಕೆಳಗೇ ಇರುತ್ತೆ. ಯಾವ ಇಂಜಿನಿಯರಿಂಗ್ ಕಾಲೇಜೂ ಇಲ್ಲದ ಕಾಲದ ಲೆಕ್ಕ ಇದು. ಇದು ಕೆಡುವುದು ಮೇಲೆ ಭಾರ ಏರಿಸಿದಾಗ. ಹೋದ ವರ್ಷಕ್ಕಿಂತ ಒಂದು ಅಟ್ಟ ಜಾಸ್ತಿ, ಪಕ್ಕದೂರಿನದಕ್ಕಿಂತ ಐದಡಿ ಎತ್ತರ, ಮೇಲೆ ಹತ್ತು ಜನ ಹೆಚ್ಚಿಗೆ.. ಹೀಗೆ.

ತೇರಿನ ಗಾಲಿ ತಿರುಗುತ್ತೆ, ಆದರೆ ಅಚ್ಚು ತಿರುಗಲ್ಲ. ಎತ್ತಿನ ಬಂಡಿಯಲ್ಲಿ ಎರಡೇ ಗಾಲಿ, ನೊಗ ಎತ್ತ ಹೋದರೆ ಬಂಡಿ ಅತ್ತ. ಕಾರಿನಲ್ಲಿ ಮುಂದಿನ ಗಾಲಿ ಹೊರಳುತ್ತೆ. ತೇರಿಗೆ ಇವೆರಡೂ ಇಲ್ಲ, ಅದು ಹುಟ್ಟಾ ನೇರ ಹೋಗುವ ಜೀವಿ. ಅದನ್ನು ಓಣಿಯ ಅಂಕುಡೊಂಕಿಗೆ ತಿರುಗಿಸುವವನು ಹಗ್ಗ ಹಿಡಿದವನಲ್ಲ. ಗಾಲಿಯ ಪಕ್ಕದಲ್ಲೇ ಬಗ್ಗಿಕೊಂಡು, ಮರದ ಬೆಣೆ ಕೈಯಲ್ಲಿ ಹಿಡಿದು, ಹಿಂದೆ ಹಿಂದೆ ನಡೆಯುವವನು. ಸನ್ನೆ ಹಾಕುವುದು ಅಂತೀವಿ. ಒಂದು ಕಡೆಯ ಗಾಲಿಗೆ ಬೆಣೆ ಕೊಟ್ಟರೆ ಆ ಗಾಲಿ ತಡೆಯುತ್ತೆ, ಇನ್ನೊಂದು ಮುಂದೆ ಸರಿಯುತ್ತೆ, ತೇರು ಚೂರು ಹೊರಳುತ್ತೆ. ತಿರುಗಿಸುವುದೂ ಅವನೇ, ನಿಲ್ಲಿಸುವುದೂ ಅವನೇ. ಕಾರಿನ ಭಾಷೆಯಲ್ಲಿ ಹೇಳೋದಾದರೆ ಸ್ಟೇರಿಂಗೂ ಬ್ರೇಕೂ ಎರಡೂ ಆ ಮರದ ತುಂಡೇ. ಅವನ ಕೈ ಗಾಲಿಯಿಂದ ಗೇಣಿನ ದೂರದಲ್ಲಿರುತ್ತೆ. ಕಾಲು ಜಾರಿದರೆ?

ಹಗ್ಗದ ಕತೆ ಬೇರೆ. ಹಗ್ಗ ಎಳೆಯಬಲ್ಲದು, ತಡೆಯಲಾರದು. ಇದು ಎಷ್ಟು ಸರಳ ಅಂದರೆ ಯಾರೂ ಯೋಚಿಸುವುದಿಲ್ಲ. ಸಾವಿರ ಜನ ಹಗ್ಗ ಹಿಡಿದಾಗ ತೇರು ಶಕ್ತಿಯಿಂದ ಸಾಗುತ್ತೆ ಅನ್ನಿಸುತ್ತೆ, ಆದರೆ ಆ ಸಾವಿರ ಜನರಲ್ಲಿ ಒಬ್ಬನಿಗೂ ಅದನ್ನು ನಿಲ್ಲಿಸುವ ಉಪಾಯವಿಲ್ಲ. ಅದರ ಮೇಲೆ ಮಂದಿ ಎಳೆಯುವುದು ಒಂದೇ ಸಮನೆ ಅಲ್ಲ, ಜೈಕಾರಕ್ಕೊಂದು ಜಗ್ಗು. ಆ ಒಂದೊಂದು ಜಗ್ಗೂ ಬೀಳುವುದು ಅಚ್ಚಿಗೆ. ಗಾಲಿ ಬೆಣೆಗೆ ಸಿಕ್ಕಿ ನಿಂತಿರುವಾಗ ಮುಂದಿನವರಿಗೆ ಅದು ಗೊತ್ತಾಗದೇ ಜಗ್ಗಿದರೆ ಅಚ್ಚಿಗೆ ಅಡ್ಡಡ್ಡ ಏಟು. ಮರ ಉದ್ದಕ್ಕೆ ಎಷ್ಟು ಬೇಕಾದರೂ ಹೊರುತ್ತೆ, ಅಡ್ಡ ಏಟು ಮಾತ್ರ ಸಹಿಸಲ್ಲ. ಒಳಗೆ ಹುಳ ಬಿದ್ದಿದ್ದರಂತೂ ಕೇಳಲೇಬೇಡಿ. ತೇರು ಕದಲುವುದು ವರ್ಷಕ್ಕೆ ಒಂದು ದಿನ, ಉಳಿದ 364 ದಿನ ಬಿಸಿಲು ಮಳೆ ಗೆದ್ದಲಿನ ಜೊತೆ ನಿಂತಿರುತ್ತೆ. ಹೊರಗೆ ಬಣ್ಣ ಬಳಿದರೆ ಮರದ ವಯಸ್ಸು ಕಾಣಿಸಲ್ಲ.

ಪುರಿಯ ಜಗನ್ನಾಥನದು ನೋಡಿ, ಅಲ್ಲಿ ಪ್ರತಿವರ್ಷ ಹೊಸ ತೇರು! ಮೂರು ತೇರು, 16, 14, 12 ಗಾಲಿ, ಎಲ್ಲ ಹೊಸ ಮರ. ಇದು ಶಾಸ್ತ್ರಕ್ಕಾಗಿ ಬಂದ ಪದ್ಧತಿ ಇರಬಹುದು, ಆದರೆ ಅಚ್ಚಿಗೆ ವಯಸ್ಸಾಗುವ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ಮರ ಕಡಿಮೆ ಇರುವ ನಮ್ಮ ಬಯಲುಸೀಮೆಯಲ್ಲಿ ಆ ಐಭೋಗ ಇಲ್ಲ, ಅಜ್ಜನ ಕಾಲದ ತೇರೇ ಮೊಮ್ಮಗನಿಗೂ. ಅಂದಹಾಗೆ, ಇಂಗ್ಲಿಷಿನಲ್ಲಿ ತಡೆಯಲಾಗದೆ ಮುನ್ನುಗ್ಗುವುದಕ್ಕೆಲ್ಲ ‘ಜಗ್ಗರ್‌ನಾಟ್’ ಅನ್ನುತ್ತಾರಲ್ಲ, ಅದು ಇದೇ ಜಗನ್ನಾಥ. ಆ ತೇರಿನ ಎತ್ತರವೋ ಅಂದವೋ ಆ ಪದದಲ್ಲಿ ಉಳಿಯಲಿಲ್ಲ. ನಿಲ್ಲುವುದಿಲ್ಲ ಅನ್ನುವುದಷ್ಟೇ ಉಳಿಯಿತು.

ತಮಿಳುನಾಡಿನವರು ಇದಕ್ಕೆ ಬೇರೆ ದಾರಿ ಹಿಡಿದರು. ತಿರುವಾರೂರಿನ ತೇರು ಅಲಂಕಾರ ಸೇರಿ 96 ಅಡಿ, 300 ಟನ್ ಅನ್ನುತ್ತಾರೆ. ತಿರುಚಿನಾಪಳ್ಳಿಯ ಬಿಎಚ್‌ಇಎಲ್ ಕಾರ್ಖಾನೆ, ಅದೇ ಬಾಯ್ಲರ್ ಮಾಡುವವರು, ಆ ತೇರಿಗೂ ಅಂಥ ಇನ್ನೂ ಹಲವು ತೇರುಗಳಿಗೂ ಉಕ್ಕಿನ ಗಾಲಿ, ಉಕ್ಕಿನ ಅಚ್ಚು, ಹೈಡ್ರಾಲಿಕ್ ಬ್ರೇಕ್ ಮಾಡಿಕೊಟ್ಟರು. ಹಿಂದಿನಿಂದ ಬುಲ್ಡೋಜರ್ ತಳ್ಳುತ್ತೆ, ಮುಂದೆ ಮಂದಿ ಎಳೆಯುತ್ತಾರೆ. ಮೇಲೆ ಮರದ ಕೆತ್ತನೆ ಹಾಗೇ ಇದೆ, ದೇವರೂ ಹಾಗೇ ಇದ್ದಾನೆ. ಸಂಪ್ರದಾಯ ಕೆಟ್ಟಿತು ಅಂತ ಅಲ್ಲಿಯವರು ತೇರು ಎಳೆಯುವುದನ್ನೇನೂ ಬಿಟ್ಟಿಲ್ಲ.

(ಹಿಂದಿನಿಂದ ತಳ್ಳುವುದು ಹೊಸ ಬುದ್ಧಿಯೇನಲ್ಲ. 1791ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸ್‌ನ ಸೈನ್ಯ ಘಟ್ಟ ಹತ್ತುವಾಗ ತೋಪುಗಳನ್ನು ಸಾಗಿಸಲು ಆನೆಗಳ ನೆರವು ಪಡೆಯಿತು. ಎತ್ತು ಮುಂದೆ ಎಳೆದರೆ ಆನೆ ಹಣೆಕೊಟ್ಟು ಹಿಂದಿನಿಂದ ತಳ್ಳುತ್ತೆ. ತೋಪು ಹಿಂದಕ್ಕೆ ಜಾರಿದರೆ ತಡೆಯುವುದೂ ಅದೇ ಹಣೆ.)

ನಮ್ಮಲ್ಲಿ ಮಾತ್ರ ಒಂದು ತೇರು ಬಿದ್ದಾಗ ಇನ್ನೊಂದು ಊರಿನವರು ಪಾಠ ಕಲಿತಂತೆ ಕಾಣುವುದಿಲ್ಲ. 2022ರ ನವೆಂಬರ್ 1ಕ್ಕೆ ಚಾಮರಾಜನಗರ ತಾಲೂಕಿನ ಚನ್ನಪ್ಪನಪುರದಲ್ಲಿ ವೀರಭದ್ರೇಶ್ವರನ ತೇರು ಬಿತ್ತು. 2024ರ ಏಪ್ರಿಲ್‌ನಲ್ಲಿ ಆನೇಕಲ್ ತಾಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಬಂದ ನೂರಡಿಗೂ ಮೀರಿದ ತೇರು ಬಿತ್ತು. ಮರುವರ್ಷ 2025ರ ಮಾರ್ಚ್‌ನಲ್ಲಿ ಅದೇ ಜಾತ್ರೆಯಲ್ಲಿ ಮತ್ತೆ ಬಿತ್ತು, ಆ ಸಲ ಜೀವವೂ ಹೋಯಿತು. ಹುಸ್ಕೂರಿನದು ಬೇರೆ ಬಗೆ, ಊರೂರಿನವರು ಪೈಪೋಟಿಯ ಮೇಲೆ ಎತ್ತರ ಏರಿಸಿ ಎತ್ತು ಟ್ರ್ಯಾಕ್ಟರು ಕಟ್ಟಿ ತರುವ ತೇರುಗಳು. ಕೊಟ್ಟೂರಿನದಕ್ಕೂ ಅದಕ್ಕೂ ಹೋಲಿಕೆ ಸರಿಯಲ್ಲ ಅನ್ನಬಹುದು. ಬೀಳುವ ರೀತಿಯಲ್ಲಿ ಮಾತ್ರ ಹೋಲಿಕೆ ಇದೆ: ಎತ್ತರ ನೋಡಿದವರು ಬಹಳ, ಬುಡ ನೋಡಿದವರು ಕಮ್ಮಿ.

ಒಂದು ಊರಿನವರು ನಾಳೆ ಹೊಸ ತೇರು ಮಾಡಿಸುತ್ತಾರೆ ಅಂದುಕೊಳ್ಳಿ. ಚಂದಾ ಎತ್ತುವಾಗ ಕಳಸಕ್ಕೆ ಕೊಡುವವರು ಸಿಗುತ್ತಾರೆ, ಬೆಳ್ಳಿ ತಗಡಿಗೆ ಸಿಗುತ್ತಾರೆ, ಹೆಸರು ಕೆತ್ತಿಸಬಹುದಲ್ಲ! ಅಚ್ಚಿಗೆ ಅಂತ ಯಾರೂ ಕೊಡಲ್ಲ. ನನ್ನನ್ನು ಕೇಳಿದರೆ ಮೊದಲ ದುಡ್ಡು ಅಚ್ಚಿಗೆ, ಅದೂ ಉಕ್ಕಿನದಕ್ಕೆ. ಮರದ್ದೇ ಬೇಕು ಅನ್ನುವುದಾದರೆ ಇಷ್ಟು ವರ್ಷಕ್ಕೆ ಬದಲಿಸಲೇಬೇಕು ಅಂತ ತೇರು ಮಾಡುವ ದಿನವೇ ಬರೆದಿಡಬೇಕು, ತೇರಿನ ಮೇಲೆಯೇ. ಎರಡನೇ ದುಡ್ಡು ಬ್ರೇಕಿಗೆ. ಆಮೇಲೆ ಜಾತ್ರೆಗೆ ಎಂಟು ದಿನ ಮೊದಲು ಅಲಂಕಾರವಿಲ್ಲದ ಬರೀ ಗಡ್ಡೆಯ ಮೇಲೆ ಮರಳಿನ ಮೂಟೆ ಪೇರಿಸಿ ಒಂದು ಸಲ ದಾರಿಯುದ್ದಕ್ಕೂ ಎಳೆದು ನೋಡಬೇಕು. ದೇವರಿಲ್ಲದ ತೇರು ಎಳೆಯೋದು ಅಪಶಕುನ ಅನ್ನುವವರಿದ್ದರೆ ಟ್ರ್ಯಾಕ್ಟರಿನಿಂದ ಎಳೆಸಿ, ಟ್ರ್ಯಾಕ್ಟರಿಗೆ ಶಕುನ ಇಲ್ಲ :)

ಆ ಬೆಣೆ ಹಿಡಿಯುವವನ ವಿಷಯಕ್ಕೂ ಯಾರಾದರೂ ಗಮನ ಕೊಡಬೇಕು. ಈಗ ಅವನ ಕೈಯಲ್ಲಿ ಇರುವುದು ಮೊಣಕಾಲೆತ್ತರದ ಮರದ ತುಂಡು. ಅದಕ್ಕೆ ಒಂದು ಮಾರುದ್ದದ ಕಬ್ಬಿಣದ ಹಿಡಿ ಹಾಕಿಸಿಕೊಟ್ಟರೆ ಅವನು ಗಾಲಿಯಿಂದ ದೂರ ನಿಂತೇ ಅಡ್ಡ ಕೊಡಬಹುದು. ಕಮ್ಮಾರನ ಒಂದು ದಿನದ ಕೆಲಸ. ಗಾಲಿಯ ಎರಡೂ ಮಗ್ಗುಲಿಗೆ ಇಷ್ಟು ಜಾಗದಲ್ಲಿ ಬೇರೆ ಯಾರೂ ಕಾಲಿಡಬಾರದು ಅಂತ ಹಗ್ಗ ಹಿಡಿದು ನಿಲ್ಲಲು ನಾಲ್ಕು ಹುಡುಗರು ಸಾಕು. ಮುಂದೆ ಎಳೆಯುವವರಿಗೆ ಯಾವಾಗ ಎಳೀಬೇಕು ಯಾವಾಗ ಬಿಡಬೇಕು ಅಂತ ಕಾಣುವ ಹಾಗೆ ಬಾವುಟ ಹಿಡಿದವನೊಬ್ಬ. ಗದ್ದಲದಲ್ಲಿ ಕೂಗು ಕೇಳಿಸಲ್ಲ, ಬಾವುಟ ಕಾಣಿಸುತ್ತೆ.

ಈ ಸನ್ನೆ ಹಾಕುವ ಕೆಲಸ ಊರೂರಿನಲ್ಲೂ ತಲೆತಲಾಂತರದಿಂದ ಕೆಲವೇ ಮನೆಗಳವರದು. ಯಾವ ತಿರುವಿಗೆ ಯಾವ ಗಾಲಿ, ಎಷ್ಟು ಬೆಣೆ, ಎಲ್ಲಿ ನೆಲ ಮೆದು ಅನ್ನುವುದು ಅವರ ತಲೆಯಲ್ಲೇ ಇದೆ, ಬರೆದಿಟ್ಟವರಿಲ್ಲ. ರಸ್ತೆಗೆ ಕಾಂಕ್ರೀಟು ಬಿದ್ದ ಮೇಲೆ ಆ ಲೆಕ್ಕವೂ ಬದಲಾಗಿರುತ್ತೆ. ಮಣ್ಣಿನಲ್ಲಿ ಬೆಣೆ ಕಚ್ಚಿಕೊಳ್ಳುತ್ತಿತ್ತು, ಕಾಂಕ್ರೀಟಿನ ಮೇಲೆ ಜಾರುತ್ತೆ. ಬೆಣೆಯ ತಳಕ್ಕೆ ಹಳೇ ಟೈರಿನ ರಬ್ಬರು ಹೊಡೆದರೆ ಸ್ವಲ್ಪ ಹಿಡಿತ ಸಿಕ್ಕೀತು.

ನಿಮ್ಮೂರಲ್ಲಿ ತೇರು ಇದ್ದರೆ ಈ ಸಲ ಜಾತ್ರೆಗೆ ಹೋದಾಗ ಕಳಸದ ಫೋಟೋ ಜೊತೆ ಗಾಲಿಯದ್ದೂ ಒಂದು ತೆಗೀರಿ. ಎಷ್ಟು ಗಾಲಿ, ಯಾವ ಮರ, ಅಚ್ಚು ಯಾವಾಗ ಬದಲಿಸಿದ್ದು, ಸನ್ನೆ ಹಾಕುವ ಆ ಮರದ ತುಂಡಿಗೆ ನಿಮ್ಮ ಕಡೆ ಏನು ಹೆಸರು ಅಂತ ಕೇಳಿ ಕಾಮೆಂಟಿನಲ್ಲಿ ಬರೆಯಿರಿ. ನಾಯಕನಹಟ್ಟಿ ಕಡೆಯವರು, ಕೂಲಹಳ್ಳಿಯವರು ಯಾರಾದರೂ ಇದ್ದರೆ ನಿಮ್ಮದು ಮೊದಲು ಬರಲಿ.